ಪರವಾಗಿಲ್ಲ ಎಂದವಳು

ಕಾಗದದಲ್ಲಿದ್ದದ್ದು ಆರೇ ಸಾಲು. ಗರ್ಟ್ರೂಡ್ ಪಾಯ್ಸ್ ಅದನ್ನು ಐದನೇ ಸಲ ಓದುತ್ತಿದ್ದಳು. ಇಂಗ್ಲಿಷಿನಲ್ಲಿದ್ದುದನ್ನು ಮನಸ್ಸಿನೊಳಗೇ ಕನ್ನಡ ಮಾಡಿಕೊಂಡು ಓದುವುದು ಪಾಂಗಾಳದ ಶಾಲೆಯಿಂದ ಬಂದ ಅಭ್ಯಾಸ. ವಯಸ್ಸು ಐವತ್ತಮೂರಾಗಿ, ಅದರಲ್ಲಿ ಅರ್ಧ ದುಬೈಯಲ್ಲೇ ಕಳೆದಿದ್ದರೂ ಅದು ಬಿಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ನಯವಾಗಿ ಜಾರಿಹೋಗುತ್ತಿದ್ದ ಮಾತು ಕನ್ನಡಕ್ಕೆ ಬಂದ ಕೂಡಲೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗ್ರಾಹಕರಾದ ಸ್ಟೀಫನ್ ಅವರು ತಾವು ಕುವೈತಿಗೆ ವಾಸ ಬದಲಿಸಿದ ವಿಷಯವನ್ನು ಕಂಪನಿಗೆ ತಿಳಿಸದೆ ಮರೆಮಾಚಿರುತ್ತಾರೆ. ಮರೆಮಾಚಿರುತ್ತಾರೆ. ಕೆಳಗೆ ಸಹಿಯ ಜಾಗ, ಅದರ ಕೆಳಗೆ ಅವಳ ಹೆಸರು, ಹುದ್ದೆ: ದಾಖಲೆ ಪರಿಶೀಲನೆ ವಿಭಾಗ. ಕಿಟಕಿಯಾಚೆ ಜುಮೇರಾ ಲೇಕ್ ಟವರ್ಸ್‌ನ ಕಟ್ಟಡಗಳು ಒಂದರ ಗಾಜಿನಲ್ಲಿ ಒಂದು ಮುಖ ನೋಡಿಕೊಳ್ಳುತ್ತ ನಿಂತಿದ್ದವು. ಎದುರಿನ ಕಟ್ಟಡದ ಗೋಡೆಗೆ ನಾಲ್ಕು ಮಹಡಿಯಷ್ಟು ಎತ್ತರದ ಜಾಹೀರಾತು. ಅದರಲ್ಲಿ ಚಿನ್ನದ ಬಣ್ಣದ ನಾಣ್ಯ ಹಿಡಿದುಕೊಂಡು ಒಬ್ಬ ಹುಡುಗಿ ನಗುತ್ತಿದ್ದಳು. ಗರ್ಟ್ರೂಡಳ ಕಂಪನಿ ಫೋನಿನಲ್ಲೇ ಮಾರುವ ಕ್ರಿಪ್ಟೋ ನಾಣ್ಯ ಅದು. ವಿಮಾನದಲ್ಲಿ ಎರಡು ಗಂಟೆ ಹೋದರೆ ಕುವೈತು. ಅಲ್ಲಿ ಅದೇ ನಾಣ್ಯ ಫೋನಿನಲ್ಲಿದ್ದದ್ದಕ್ಕೆ ಈ ಸ್ಟೀಫನ್ ಎಂಬ ಏಸಿ ಮೆಕ್ಯಾನಿಕ್‌ನನ್ನು ನಾಲ್ಕು ದಿನ ಲಾಕಪ್ಪಿನಲ್ಲಿಟ್ಟು, ಪಾಸ್‌ಪೋರ್ಟು ತೆಗೆದುಕೊಂಡು ಹೊರಗೆ ಬಿಟ್ಟಿದ್ದರು. ಅದೇ ಫೋನು, ಅದೇ ಹೆಬ್ಬೆರಳು, ಅದೇ ಮನುಷ್ಯ. ಆಕಾಶದ ಯಾವ ಜಾಗದಲ್ಲಿ ಅವನು ಅಪರಾಧಿಯಾದ ಎಂದು ಗರ್ಟ್ರೂಡ್ ಯೋಚಿಸಿದಳು. ಆದರೆ ಅವಳಿಗೆ ಗೊತ್ತಿತ್ತು, ಆಕಾಶದಲ್ಲಲ್ಲ. ಈ ಮೇಜಿನ ಮುಂದೆ, ಈ ಕುರ್ಚಿಯಲ್ಲಿ, ತನ್ನ ಬಾಯಿಯಿಂದ.

"ಆಂಟಿ, ಸೈನ್ ಆಯ್ತಾ?" ಎಂದು ಶಾನ್ ಬಂದು ನಿಂತ. ಮೂವತ್ತೊಂದು ವರ್ಷದ ಅವನು ಆಫೀಸಿನ ಈ ವಿಭಾಗಕ್ಕೆ ಮುಖ್ಯಸ್ಥ. ಹುಟ್ಟಿದ್ದು ಉಡುಪಿಯಲ್ಲಿ, ಬೆಳೆದದ್ದೆಲ್ಲ ಇಲ್ಲಿ. ಔದ್ ಮೇಥಾದ ಇಗರ್ಜಿಯ ಅಂಗಳದಲ್ಲಿ ಅವಳ ಟಿಫಿನ್ ಡಬ್ಬಿಯಿಂದ ಮೆತ್ತನೆಯ ಇಡ್ಲಿಯಂಥ ಸನ್ನಣ ತೆಗೆದು ತಿಂದ ಹುಡುಗ. ಹತ್ತೊಂಬತ್ತು ವರ್ಷ ದುಡಿದ ಮನಿ ಎಕ್ಸ್‌ಚೇಂಜಿನ ಕೌಂಟರು ಮುಚ್ಚಿದಾಗ ಇವನ ಅಪ್ಪ ಒಂದು ಮಾತು ಹೇಳಿದ್ದರಿಂದ ಅವಳಿಗೆ ಈ ಕೆಲಸ ಸಿಕ್ಕಿದ್ದು. ಅಂದಿನಿಂದ ಇಡೀ ಆಫೀಸಿಗೆ ಅವಳು ಆಂಟಿ. ಯಾರ ಹುಟ್ಟುಹಬ್ಬವಾದರೂ ಕೇಕ್ ಕತ್ತರಿಸುವ ಚಾಕು ಎಲ್ಲಿದೆ ಎಂದು ಅವಳನ್ನೇ ಕೇಳುತ್ತಾರೆ. ಮೀಟಿಂಗಿನಲ್ಲಿ ಅವಳು ಮಾತಾಡಲು ಬಾಯಿ ತೆರೆದರೆ ಎಲ್ಲರೂ ಮುಗುಳ್ನಗುತ್ತಾರೆ, ಅಜ್ಜಿಯೊಬ್ಬಳು ಸೈಕಲ್ ಹತ್ತಿದ್ದನ್ನು ನೋಡಿದಂತೆ. "ಓದ್ತಾ ಇದ್ದೇನೆ" ಎಂದಳು. "ಓದ್ಲಿಕ್ಕೆ ಎಂತ ಉಂಟು ಆಂಟಿ, ಜಸ್ಟ್ ಅ ಫಾರ್ಮ್. ಕುವೈತಿನ ತನಿಖೆಯವ್ರು ಕೇಳಿದ್ದಾರೆ, ಲಂಚ್ ಒಳಗೆ ಕಳಿಸ್ಬೇಕು." ಅವನು ಅವಳ ಮೇಜಿನ ಮೇಲಿದ್ದ ಪುದೀನ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ಹೋದ.

ಎರಡು ವರ್ಷದ ಹಿಂದೆ ಸ್ಟೀಫನ್ ಫೋನ್ ಮಾಡಿದ್ದು ಒಂದು ಬುಧವಾರ. ಬೂದಿ ಬುಧವಾರ, ಅವಳ ಹಣೆಯಲ್ಲಿ ಪಾದ್ರಿ ಹಚ್ಚಿದ ಬೂದಿಯ ಗುರುತಿತ್ತು. ಒರೆಸಿಕೊಳ್ಳಬೇಕೋ ಬೇಡವೋ ಎಂದು ಬೆಳಗಿನಿಂದ ಕಸಿವಿಸಿಪಡುತ್ತಿದ್ದಳು. ಅವನು ಮೊದಲು ಹಿಂದಿಯಲ್ಲಿ ಶುರು ಮಾಡಿದ. ದುಬೈಯಲ್ಲಿ ಕೆಲಸ ಮಾಡುವಾಗ ತೆರೆದ ಅಕೌಂಟು, ಕಾಯಿನ್ ಸ್ವಲ್ಪ ಇದೆ, ಈಗ ಕೆಲಸ ಕುವೈತಿನಲ್ಲಿ. ಇಲ್ಲಿ ಇದೆಲ್ಲ ಬಂದ್ ಎಂದು ರೂಮಿನವರು ಹೇಳುತ್ತಾರೆ, ಅಕೌಂಟು ಇಡಬಹುದೋ ಮುಚ್ಚಬೇಕೋ? ಅವಳು ಹಿಂದಿಯಲ್ಲೇ ಏನೋ ಉತ್ತರಿಸುತ್ತ ನಡುವೆ "ಅಲ್ವಾ" ಎಂದುಬಿಟ್ಟಳು. ಆಚೆಯ ದನಿ ಕನ್ನಡಕ್ಕೆ ಹೊರಳಿತು. "ಬಾಯ್, ನೀವು ನಮ್ಮ ಕಡೆಯವರಾ?" ಎಲ್ಲಿಯವರು, ಯಾವ ಇಗರ್ಜಿ ಎಂದು ಎರಡು ನಿಮಿಷ. ಅವನು ಪಾಂಗಾಳಕ್ಕೆ ಹತ್ತಿರದ ಶಿರ್ವದವನು. ಇಡೀ ದಿನ ಆಂಟಿಯಾಗಿ ಕೂತವಳನ್ನು ಒಬ್ಬ ಅಪರಿಚಿತ ಬಾಯ್ ಎಂದು ಕರೆದಿದ್ದ, ಅಕ್ಕ ಎಂದು; ಅವಳ ಎದೆ ಸಣ್ಣಗೆ ಉಬ್ಬಿತ್ತು. ಈಗ ನೆನೆದರೆ ನಾಚಿಕೆಯಾಗುವುದು ಆ ಉಬ್ಬಿಗೆ. ಕರೆಯನ್ನು ತಡೆಹಿಡಿದು ಶಾನ್‌ನ ಹತ್ತಿರ ಹೋಗಿ ಕೇಳಿದ್ದಳು. ಕುವೈತಿಗೆ ಹೋಗಿದ್ದಾನಂತೆ, ಅಲ್ಲಿ ನಿಷೇಧವಂತೆ, ಮುಚ್ಚಲು ಹೇಳಲಾ? ಶಾನ್ ಪರದೆಯಿಂದ ಕಣ್ಣು ತೆಗೆಯದೆ ನೊಣ ಓಡಿಸಿದಂತೆ ಕೈ ಬೀಸಿದ. "ಈ ತಿಂಗಳು ಒಂದು ಅಕೌಂಟೂ ಕ್ಲೋಸ್ ಮಾಡ್ಲಿಕ್ಕಿಲ್ಲ ಆಂಟಿ. ಪರವಾಗಿಲ್ಲ ಹೇಳಿ." ಅವಳು ಮರಳಿ ಬಂದು ಹೇಳಿದಳು: "ಪರವಾಗಿಲ್ಲ, ಅಕೌಂಟ್ ಇಲ್ಲಿಯದಲ್ವಾ, ಇರ್ಲಿ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಎಂತ ಆದ್ರೂ ನಾನಿದ್ದೇನಲ್ಲ" ಎಂದೂ ಸೇರಿಸಿದಳು. ಅದನ್ನು ಶಾನ್ ಹೇಳಿಕೊಟ್ಟಿರಲಿಲ್ಲ. ಅದು ಅವಳದೇ.

ಆಮೇಲೆ ಸ್ಟೀಫನ್ ಇದ್ದ ಕಾರ್ಮಿಕರ ಕ್ಯಾಂಪಿನ ಇಬ್ಬರು ಅವನ ಅಕೌಂಟಿನ ಮೂಲಕ ಕಾಯಿನ್ ಕೊಂಡರು. ಅವರಲ್ಲೊಬ್ಬನನ್ನು ಬ್ಯಾಂಕಿನವರು ಪ್ರಶ್ನಿಸಿದಾಗ ಇವನ ಹೆಸರು ಹೊರಬಂತು. ಇದನ್ನೆಲ್ಲ ಅವಳಿಗೆ ತಿಳಿಸಿದ್ದು ಸ್ಟೀಫನ್‌ನ ಹೆಂಡತಿ ಎಲ್ಸಿ, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಂದು ಗರ್ಟ್ರೂಡ್ ಸ್ಟೀಫನ್‌ಗೆ ಕೊಟ್ಟಿದ್ದ ನಂಬರಿಗೆ ಸಂದೇಶದ ಮೇಲೆ ಸಂದೇಶ ಕಳಿಸಿದ್ದಳು. ನಿಷೇಧ ಮುರಿದದ್ದಕ್ಕೆ ದಂಡ ಕಟ್ಟಿ ಮುಗಿಸಬಹುದು ಎನ್ನುತ್ತಾರೆ ಲಾಯರು. ಆದರೆ ವಿಳಾಸ ಮುಚ್ಚಿಟ್ಟು ದುಬೈಯ ಕಂಪನಿಗೆ ಮೋಸ ಮಾಡಿದ್ದಾನೆ ಎಂದಾದರೆ ಅದು ಬೇರೆಯೇ ಕೇಸು, ಜೈಲು. ನಮ್ಮವರು ಎಲ್ಲ ಹೇಳಿಯೇ ಅಕೌಂಟು ಇಟ್ಟುಕೊಂಡದ್ದು, ನಿಮಗೆ ಗೊತ್ತುಂಟಲ್ಲ ಬಾಯ್, ಒಂದು ಕಾಗದ ಕೊಡಿ. ಅವಳು ಒಂದಕ್ಕೂ ಉತ್ತರಿಸಿರಲಿಲ್ಲ. ಕಳೆದ ಗುರುವಾರ ಎಲ್ಸಿ ಬಸ್ಸು ಹತ್ತಿ ಇಲ್ಲಿಗೇ ಬಂದಿದ್ದಳು. ಕೆಳಗಿನ ಸೆಕ್ಯೂರಿಟಿಯವನು ಫೋನ್ ಮಾಡಿದಾಗ ಗರ್ಟ್ರೂಡ್ ತಾನೇ ದನಿ ಬದಲಿಸಿ "ಶೀ ಈಸ್ ಆನ್ ಲೀವ್" ಎಂದಿದ್ದಳು. ಸಂಜೆ ಕಾರು ನಿಲ್ಲಿಸುವ ನೆಲಮಾಳಿಗೆಯ ಲಿಫ್ಟಿನಿಂದ, ಕಸದ ಡಬ್ಬಿಗಳ ನಡುವಿನಿಂದ ಹೊರಗೆ ಬಂದು ನೋಡಿದರೆ ಕೆರೆಯ ಪಕ್ಕದ ಬೆಂಚಿನಲ್ಲಿ ಬಿಳಿ ಯೂನಿಫಾರ್ಮಿನ ಮೇಲೆ ಸ್ವೆಟರು ಹಾಕಿದ ಹೆಂಗಸೊಬ್ಬಳು ಚಪ್ಪಲಿ ಕಳಚಿ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು. ಗರ್ಟ್ರೂಡ್ ಅವಳ ಬೆನ್ನ ಹಿಂದಿನಿಂದಲೇ ನಡೆದು ಹೋಗಿದ್ದಳು. ಹತ್ತು ಹೆಜ್ಜೆ. ಆ ರಾತ್ರಿ ಊಟದ ಮುಂಚಿನ ಪ್ರಾರ್ಥನೆಗೆ ಬಾಯಿ ತೆರೆದಾಗ ಸೆಕ್ಯೂರಿಟಿಯವನೊಡನೆ ಮಾತಾಡಿದ ಆ ಸುಳ್ಳು ದನಿಯೇ ಹೊರಬಂದಂತಾಗಿ ಸುಮ್ಮನೆ ತಟ್ಟೆಯ ಅನ್ನ ನೋಡುತ್ತ ಕೂತಿದ್ದಳು.

ಈಗ ಅವಳು ಎದ್ದು, ಕಾಗದ ಹಿಡಿದುಕೊಂಡು ಶಾನ್‌ನ ಗಾಜಿನ ಕೋಣೆಗೆ ಹೋದಳು. "ಇದು ಸರಿ ಇಲ್ಲ. ಅವನು ಹೇಳಿದ್ದ. ನಾನು ನಿನ್ನ ಹತ್ರ ಬಂದು ಕೇಳಿದ್ದೆ."

"ನಂಗೆ ನೆನಪಿಲ್ಲ ಆಂಟಿ."

"ನಂಗೆ ಉಂಟು. ಫೋನಿನ ರೆಕಾರ್ಡ್ ತೆಗೆದು ಕೇಳು."

"ಹಳೇ ಕಾಲ್ಸ್ ಹೊಸ ಸಿಸ್ಟಮ್‌ಗೆ ಬರ್ಲಿಲ್ಲ." ಅವನು ಕುರ್ಚಿಗೆ ಒರಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಯಿಲೆಯವರನ್ನು ಸಮಾಧಾನ ಮಾಡುವ ಮೆದುತನವಿತ್ತು. ಅದೇ ಅವಳನ್ನು ಚುಚ್ಚಿದ್ದು. "ನೋಡಿ ಆಂಟಿ, ಅವ್ನು ಹೇಳಿದ್ದ, ನಾವು ಇಟ್ಕೊಂಡ್ವಿ ಅಂತ ಬರೆದ್ರೆ, ನಿಷೇಧ ಇರೋ ದೇಶದಲ್ಲಿ ನಾವು ಗೊತ್ತಿದ್ದೂ ಬಿಸಿನೆಸ್ ಮಾಡಿದ ಹಾಗೆ ಆಗ್ತದೆ. ಲೈಸೆನ್ಸಿಗೇ ತೊಂದರೆ ಬರ್ತದೆ. ನಲ್ವತ್ತು ಜನ ಇದ್ದಾರೆ ಇಲ್ಲಿ. ಪರವಾಗಿಲ್ಲ ಅಂತ ಫೋನಲ್ಲಿ ಹೇಳಿದ್ದು ಯಾರು? ನೀವು. ನಾನಲ್ಲ. ನಿಮ್ಮನ್ನು ಉಳಿಸ್ಲಿಕ್ಕೇ ಈ ಕಾಗದ."

ಅದು ನಿಜವಾಗಿತ್ತು, ಅದೇ ಕಷ್ಟ. ಪಾದ್ರಿಯ ಮುಂದೆ ಮೊಣಕಾಲೂರಿ ಎಷ್ಟೋ ಸಣ್ಣಪುಟ್ಟ ಪಾಪಗಳನ್ನು ಹೇಳಿಕೊಂಡಿದ್ದಳು. ಅಲ್ಲೆಲ್ಲ ಅವಳಿಗೊಂದು ಹಗುರ ಕಾದಿರುತ್ತಿತ್ತು. ಇಲ್ಲಿ ಒಪ್ಪಿಕೊಂಡರೆ ಕಾದಿದ್ದು ಬೀದಿ. ಎರಡು ತಿಂಗಳ ಬಾಡಿಗೆ, ಮಗಳು ಸ್ಟೇಸಿಯ ವೀಸಾ, ತನ್ನದೇ ವೀಸಾ ಎಲ್ಲ ಈ ಕೆಲಸವೆಂಬ ಒಂದೇ ಹಗ್ಗಕ್ಕೆ ನೇತುಹಾಕಿದ ಬಟ್ಟೆಗಳಂತೆ ತೂಗಾಡುತ್ತಿದ್ದವು. ಶಾನ್ ತನ್ನ ಪೆನ್ನನ್ನೇ ಅವಳತ್ತ ಚಾಚಿದ. ಅವಳು ತೆಗೆದುಕೊಂಡಳು. ಬಾಗಿ, ಸಹಿಯ ಜಾಗದ ಮೇಲೆ, ಅಚ್ಚಾದ ಸಾಲುಗಳಿಗೆ ಅಡ್ಡವಾಗಿ ತನ್ನ ದುಂಡು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಳು. ಇದು ಸುಳ್ಳು, ಗ್ರಾಹಕರು ನನಗೆ ತಿಳಿಸಿದ್ದರು, ನಾನು ಮೇಲಿನವರನ್ನು ಕೇಳಿ ಪರವಾಗಿಲ್ಲ ಎಂದೆ. ಕೆಳಗೆ ಸಹಿ ಹಾಕಿದಳು.

"ಆಂಟಿ! ಫಾರ್ಮಲ್ಲಿ ಹಾಗೆಲ್ಲ ಬರೀಲಿಕ್ಕಿಲ್ಲ!"

"ಬರೆದಾಯ್ತಲ್ಲ."

ಅವನು ಕಾಗದವನ್ನು ಮೂಲೆಯಲ್ಲಿದ್ದ ಚೂರು ಮಾಡುವ ಯಂತ್ರಕ್ಕೆ ಹಾಕಿದ. ಅದು ಗುರ್ ಎಂದು ಅವಳ ಅಕ್ಷರಗಳನ್ನು ಶ್ಯಾವಿಗೆಯಂತೆ ಉದುರಿಸಿತು. ಗಾಜಿನ ಹೊರಗೆ ನಾಲ್ಕೈದು ತಲೆಗಳು ಇತ್ತ ತಿರುಗಿದವು. ಅಷ್ಟು ಜನರೆದುರು ಬೈಸಿಕೊಂಡವಳಂತೆ ನಿಲ್ಲುವುದಕ್ಕೆ ಯಾವಾಗಲೂ ಹೆದರುತ್ತಿದ್ದವಳಿಗೆ ಈಗ ಒಳಗೆ ಬೇರೇನೋ ಬಿಗಿಯಾಗಿ ನಿಂತಿತ್ತು. "ಇನ್ನೊಂದು ಪ್ರಿಂಟ್ ತೆಗಿ. ಅದ್ರಲ್ಲೂ ಅದೇ ಬರೀತೇನೆ. ನೂರು ತೆಗೆದ್ರೂ ಬರೀತೇನೆ."

"ಖಲಾಸ್ ಆಂಟಿ. ನೀವು ಮನೆಗೆ ಹೋಗಿ. ಬೇರೆ ಯಾರಾದ್ರೂ ಸೈನ್ ಮಾಡ್ತಾರೆ."

"ಅವನ ಹತ್ರ ಮಾತಾಡಿದ್ದು ನಾನು. ಬೇರೆಯವ್ರು ಎಂತ ಸೈನ್ ಮಾಡೋದು?" ಎಂದು ಅವಳು ಬ್ಯಾಗು ತೆಗೆದುಕೊಂಡು ಹೊರಟಳು. ಈ ಸಲ ಮುಂದಿನ ಲಿಫ್ಟಿನಿಂದಲೇ ಇಳಿದಳು. ಕೆರೆಯ ಹತ್ತಿರ ನಿಂತು ಎಲ್ಸಿಗೆ ಫೋನ್ ಮಾಡಿ, ನಾನು ಅಬುಧಾಬಿಗೆ ಬರುತ್ತೇನೆ, ಅರಬಿಯಲ್ಲಿ ಹೇಳಿಕೆ ಬರೆಯುವ ಟೈಪಿಂಗ್ ಸೆಂಟರ್ ಯಾವುದಾದರೂ ನೋಡಿಡು ಎಂದಳು. ಎಲ್ಸಿ, "ಎಲೆಕ್ಟ್ರಾ ಸ್ಟ್ರೀಟಿಗೆ ಬನ್ನಿ" ಎಂದಳಷ್ಟೇ.

ಬಸ್ಸಿನಲ್ಲಿ ತಣ್ಣನೆಯ ಗಾಳಿ ನೇರ ನೆತ್ತಿಗೆ ಬೀಳುತ್ತಿತ್ತು. ಹೊರಗೆ ಮರಳು, ಬೇಲಿ, ಮತ್ತೆ ಮರಳು. ನಡುನಡುವೆ ಅದೇ ನಾಣ್ಯದ ಹುಡುಗಿ ಕಂಬದಿಂದ ಕಂಬಕ್ಕೆ ನಗುತ್ತ ಬಂದಳು. ಕಾನೂನು ಎಂದರೆ ಏನೋ ಕಲ್ಲಿನಲ್ಲಿ ಕೊರೆದದ್ದು ಎಂದು ಗರ್ಟ್ರೂಡ್ ತಿಳಿದಿದ್ದಳು, ಬೈಬಲಿನ ಹತ್ತು ಕಟ್ಟಳೆಗಳ ಹಾಗೆ. ಕೌಂಟರಿನಲ್ಲಿ ಕೂತ ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಬದಲಾಯಿತು ಅದು. ನಿನ್ನೆ ಬೇಡವಾದ ಕಾಗದ ಇಂದು ಬೇಕು, ನಿನ್ನೆ ಸರಿಯಾದದ್ದು ಇಂದು ತಪ್ಪು. ಕುವೈತಿನವರು ಬೇಡವೆಂದರೆ ಅದು ಅವರ ಮನೆ, ಅವರ ಬಾಗಿಲು. ಮುರಿದವನು ದಂಡ ಕಟ್ಟಲಿ. ಆದರೆ ಬಾಗಿಲು ಮುಚ್ಚಿದೆಯಾ ಎಂದು ಕೇಳಿದವನಿಗೆ ತೆರೆದಿದೆ ಹೋಗು ಎಂದವರು, ಅವನು ಒಳಗೆ ಸಿಕ್ಕಿಬಿದ್ದಾಗ ಕಳ್ಳ ಎನ್ನುವುದು ಯಾವ ದೇಶದ ಕಾನೂನು? ಫೋನ್ ಅಲುಗಿತು. ಸ್ಟೇಸಿ. ಶಾನ್ ಅವಳಿಗೂ ಹೇಳಿರಬೇಕು. ಇಬ್ಬರೂ ಒಂದೇ ಕ್ವಾಯರಿನಲ್ಲಿ ಹಾಡುವವರು.

"ಮಮ್ಮಾ, ಆರ್ ಯೂ ಮ್ಯಾಡ್? ಮೈ ವೀಸಾ ಈಸ್ ಆನ್ ಯೂ!"

"ಗೊತ್ತುಂಟು."

"ಯೂ ಡೋಂಟ್ ಈವನ್ ನೋ ದಟ್ ಮ್ಯಾನ್."

"ಅದೇ ಮತ್ತೆ. ಗೊತ್ತಿಲ್ಲದವನಿಗೆ ನಾನಿದ್ದೇನೆ ಅಂದದ್ದು ನಾನಲ್ವಾ?" ಮಗಳ ಉಸಿರು ಕೇಳುತ್ತಿತ್ತು, ಸಣ್ಣವಳಿದ್ದಾಗ ಜ್ವರ ಬಂದಾಗ ಕೇಳುತ್ತಿದ್ದ ಹಾಗೆ. ಸ್ಟೇಸಿಗೆ ಹನ್ನೊಂದು ವರ್ಷವಿರುವಾಗ ಅವಳ ಅಪ್ಪ ತೀರಿಹೋದ. ಅಂದಿನಿಂದ ಗರ್ಟ್ರೂಡ್ ಮಾಡಿದ ಪ್ರತಿಯೊಂದು ಮೌನಕ್ಕೂ ಮಗಳ ಹೆಸರಿಟ್ಟಿದ್ದಳು. ಮನೆ ಮಾಲೀಕ ಬೈದಾಗ ಮಗಳಿಗಾಗಿ ಸುಮ್ಮನಿರು, ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟಾಗ ಮಗಳಿಗಾಗಿ ಸುಮ್ಮನಿರು. ಆ ಮಗಳಿಗೀಗ ಇಪ್ಪತ್ಮೂರು, ಅವಳ ಕೈಯಲ್ಲೊಂದು ಡಿಗ್ರಿ, ತಾಯಿಗೆ ಹುಚ್ಚೇ ಎಂದು ಕೇಳುವಷ್ಟು ಧೈರ್ಯ. "ಸ್ಟೇಸಿ, ನಿನ್ನ ಹೆಸರು ಹೇಳಿ ಇನ್ನು ಸುಮ್ಮನಿರ್ಲಿಕ್ಕೆ ನಂಗೆ ಆಗುದಿಲ್ಲ" ಎಂದು ಹೇಳಿ ಫೋನ್ ಇಟ್ಟಳು. ಪಕ್ಕದ ಸೀಟಿನ ಗಂಡಸು ಭಾಷೆ ತಿಳಿಯದೆಯೂ ಒಮ್ಮೆ ತಿರುಗಿ ನೋಡಿದ.

ಎಲ್ಸಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ನಡುವೆ ಒಂದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಸಣ್ಣ ಮೈಯವಳು, ಕಣ್ಣಿನ ಕೆಳಗೆ ರಾತ್ರಿ ಪಾಳಿಯ ಕಪ್ಪು. ಗರ್ಟ್ರೂಡ್ ಕೈ ಚಾಚಿದಳು, ಅವಳು ಹಿಡಿಯಲಿಲ್ಲ. "ಆ ದಿನ ನೀವು ರಜೆಯಲ್ಲಿ ಇರ್ಲಿಲ್ಲ ಬಾಯ್. ವಾಟ್ಸಾಪ್ ಚಿತ್ರದಲ್ಲಿದ್ದವರೇ ನೀವು ಅಂತ ಗುರ್ತು ಸಿಕ್ಕಿತ್ತು ನಂಗೆ. ಹಿಂದಿನಿಂದ ಹೋದ್ರಿ, ಎದುರಿನ ಗಾಜಿನಲ್ಲಿ ಕಂಡಿತು."

ಏನಾದರೂ ಕಾರಣ ಕೊಡಬಹುದಿತ್ತು. ನಾಲಿಗೆಯ ತುದಿಗೆ ಮೂರು ಬಂದವು, ಮೂರೂ ಚೆನ್ನಾಗಿದ್ದವು. "ಹೌದು" ಎಂದಳು ಗರ್ಟ್ರೂಡ್. "ಅಡಗಿದೆ. ಹೆದರಿಕೆ ಆಯ್ತು."

"ಈಗ ಹೆದರಿಕೆ ಇಲ್ವಾ?"

"ಉಂಟು. ಮೇಲೆ ಹೋಗುವಾ?"

ಟೈಪಿಂಗ್ ಸೆಂಟರಿನ ಹುಸೈನ್ ಭಟ್ಕಳದವರು. ಮೂವತ್ತು ವರ್ಷದಿಂದ ಇದೇ ಕೋಣೆಯಲ್ಲಿ ಊರೂರಿನವರ ಬಿನ್ನಹ, ದೂರು, ಮದುವೆ, ತಲಾಖುಗಳನ್ನು ಅರಬಿಗೆ ಇಳಿಸಿದವರು. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು. "ಅಕ್ಕ, ಹೇಳ್ತೇನೆ ಅಂತ ಬೇಜಾರು ಮಾಡ್ಬೇಡಿ. ಇದು ನೋಟರಿ ಆಗಿ, ವಿದೇಶಾಂಗದ ಸೀಲು ಬಿದ್ದು, ಕುವೈತ್ ಕಾನ್ಸುಲೇಟಿಗೆ ಹೋಯ್ತು ಅಂದ್ರೆ ಆಮೇಲೆ ನೀವು ಇಲ್ಲ ಅನ್ಲಿಕ್ಕಾಗೂದಿಲ್ಲ. ನಾಳೆ ನಿಮ್ಮ ಕಂಪನಿ ನಿಮ್ಮ ಮೇಲೆಯೇ ಬರ್ಬಹುದು."

"ಬರ್ಲಿ. ನಾನು ಕಂಪನಿಯ ಒಂದು ಕಾಗದವೂ ತರ್ಲಿಲ್ಲ. ನನ್ನ ಬಾಯಿಯಿಂದ ಬಂದ ಮಾತು, ಅದು ನನ್ನದು."

ಅವರು ಟೈಪ್ ಮಾಡತೊಡಗಿದರು. ಅಕ್ಷರಗಳು ಪರದೆಯ ಬಲದಿಂದ ಎಡಕ್ಕೆ ಓಡಿದವು. ತನ್ನ ಬದುಕಿನ ಎರಡು ನಿಮಿಷ ತನಗೆ ಓದಲು ಬಾರದ ಲಿಪಿಯಲ್ಲಿ ಮೂಡುತ್ತಿರುವುದನ್ನು ಅವಳು ಬೇರೆ ಯಾರದೋ ಮಗುವನ್ನು ನೋಡುವಂತೆ ನೋಡಿದಳು. ಒಂದು ಕಡೆ ಹುಸೈನರ ಬೆರಳು ನಿಂತಿತು. "ಇಲ್ಲಿ ಎರಡು ದಾರಿ ಉಂಟು ಅಕ್ಕ. 'ಕೀಲ ಲಹು' ಅಂತ ಹಾಕಿದ್ರೆ, ಅವನಿಗೆ ಪರವಾಗಿಲ್ಲ ಅಂತ ಹೇಳಲಾಯಿತು. ಯಾರು ಹೇಳಿದ್ದು ಅಂತ ಬರೂದಿಲ್ಲ. ಆಫೀಸಿನವರು ಯಾರೋ ಅಂತ ಆಗ್ತದೆ. ಅವನಿಗೂ ಉಪಕಾರ, ನಿಮಗೂ ತೊಂದರೆ ಕಡಿಮೆ. 'ಕುಲ್ತು ಲಹು' ಅಂತ ಹಾಕಿದ್ರೆ, ನಾನು ಅವನಿಗೆ ಹೇಳಿದೆ. ಅಕ್ಷರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನೀವು ಹೇಳಿದ ಹಾಗೆ."

ಎಲ್ಸಿ ಅವಳ ಮುಖ ನೋಡುತ್ತಿದ್ದಳು. ಹೇಳಲಾಯಿತು. ಎಷ್ಟು ತಂಪಾದ ಮಾತು, ಅದರ ಕೆಳಗೆ ಇಡೀ ಜೀವಮಾನ ಕೂತುಬಿಡಬಹುದು. ಶಾನ್ ಕೂತಿದ್ದು ಅದರ ಕೆಳಗೇ, ಅವನ ಮೇಲಿನವರೂ, ಅವರ ಮೇಲಿನವರೂ. ತೀರ್ಮಾನಿಸಲಾಯಿತು, ಸೂಚಿಸಲಾಯಿತು, ಕ್ರಮ ಕೈಗೊಳ್ಳಲಾಯಿತು. ಆಫೀಸಿನಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲ ತಾನಾಗಿಯೇ ಆಗುತ್ತದೆ. ಕೊನೆಗೆ ಕುವೈತಿನಲ್ಲಿ ಏಣಿಯ ಮೇಲೆ ನಿಂತು ಏಸಿ ರಿಪೇರಿ ಮಾಡುವವನೊಬ್ಬ ಮಾತ್ರ ಮರೆಮಾಚುತ್ತಾನೆ.

"ಕುಲ್ತು" ಎಂದಳು. ಆ ಶಬ್ದ ಅವಳ ಬಾಯಲ್ಲಿ ಒರಟಾಗಿ ಹೊರಳಿತು. "ನಾನು ಹೇಳಿದೆ ಅಂತ ಹಾಕಿ. ಶಾನ್‌ನ ಹತ್ರ ಕೇಳಿದೆ, ಅವನು ಪರವಾಗಿಲ್ಲ ಹೇಳಿ ಅಂದ, ಅದನ್ನೂ ಹಾಕಿ, ಅಷ್ಟೇ ಹಾಕಿ, ಹೆಚ್ಚು ಬೇಡ. ಮತ್ತೆ ಎಂತ ಆದ್ರೂ ನಾನಿದ್ದೇನೆ ಅಂತ ನಾನೇ ಹೇಳಿದ್ದು, ಅದನ್ನೂ."

"ಅದು ಕೇಸಿಗೆ ಬೇಡ ಅಕ್ಕ."

"ಬೇಕು. ಅದಕ್ಕೇ ಅವನು ನಂಬಿದ್ದು." ಎಲ್ಸಿ ಮುಖ ಆಚೆ ತಿರುಗಿಸಿ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. ಅವಳ ಭುಜ ಒಮ್ಮೆ ಕುಲುಕಿತು, ಮತ್ತೆ ನೇರವಾಯಿತು. ಹುಸೈನ್ ಟೈಪ್ ಮಾಡಿದರು. ಹಣ ಬೇಡವೆಂದರು, ಎಲ್ಸಿ ಬಿಡದೆ ಮೇಜಿನ ಮೇಲೆ ನೋಟು ಇಟ್ಟಳು.

ಸೀಲುಗಳೆಲ್ಲ ಬಿದ್ದು ಕಾಗದ ಕುವೈತು ಸೇರಲು ಒಂಬತ್ತು ದಿನ ಬೇಕಾಯಿತು. ಅಷ್ಟು ದಿನವೂ ಗರ್ಟ್ರೂಡ್ ಆಫೀಸಿಗೆ ಹೋದಳು. ಬರಬೇಡಿ ಎಂದು ಬರವಣಿಗೆಯಲ್ಲಿ ಯಾರೂ ಹೇಳಿರಲಿಲ್ಲ. ಅವಳಿಗೆ ಕೆಲಸ ಕೊಡಲಿಲ್ಲ. ಕಂಪ್ಯೂಟರು ಅವಳ ಪಾಸ್‌ವರ್ಡನ್ನು ಒಪ್ಪಲಿಲ್ಲ. ಅವಳ ಮೇಜಿನ ಮುಂದಿನಿಂದ ಹೋಗುವವರು ಗೋಡೆಯ ಕಡೆ ಸರಿದು ನಡೆದರು. ಕತ್ತಲಾದ ಪರದೆಯಲ್ಲಿ ತನ್ನ ಮುಖ ನೋಡುತ್ತ ಎಂಟೆಂಟು ಗಂಟೆ ಕೂತಳು, ಬೆನ್ನು ಕುರ್ಚಿಗೆ ತಾಗಿಸದೆ. ಹನ್ನೆರಡನೇ ದಿನ ಮಧ್ಯಾಹ್ನ ಎಲ್ಸಿಯ ಸಂದೇಶ ಬಂತು. ಮೋಸದ ಆರೋಪ ಕೈಬಿಟ್ಟರು. ನಿಷೇಧ ಮೀರಿದ್ದಕ್ಕೆ ದಂಡ. ಪಾಸ್‌ಪೋರ್ಟು ಸಿಕ್ಕಿತು, ಕೆಲಸ ಹೋಯಿತು. ಶನಿವಾರ ಅಬುಧಾಬಿಗೆ ಬರುತ್ತಾರೆ. ಕೊನೆಯಲ್ಲಿ ಒಂದೇ ಮಾತು: ಊಟಕ್ಕೆ ಬನ್ನಿ ಬಾಯ್. ಅವಳು ಅದನ್ನು ಓದಿ ಮುಗಿಸುವಷ್ಟರಲ್ಲಿ ಶಾನ್ ಕರೆದ.

ಅವನ ಮುಖ ಇಳಿದುಹೋಗಿತ್ತು, ಕ್ಷೌರ ಮಾಡಿರಲಿಲ್ಲ. ಮೇಲಿನವರು ಅವನನ್ನೂ ಪ್ರಶ್ನಿಸಿದ್ದರು. ಒಂದು ಕ್ಷಣ ಇಗರ್ಜಿಯ ಅಂಗಳದ ಹುಡುಗನೇ ಕಂಡು ಅವಳಿಗೆ ಮರುಕ ಬಂತು. ಅವನು ಟೈಪ್ ಮಾಡಿಟ್ಟ ಕಾಗದವೊಂದನ್ನು ಮುಂದೆ ತಳ್ಳಿದ. ವೈಯಕ್ತಿಕ ಕಾರಣಗಳಿಂದ ರಾಜೀನಾಮೆ. "ಸೈನ್ ಮಾಡಿ ಆಂಟಿ. ಒಳ್ಳೇ ಸರ್ಟಿಫಿಕೇಟ್ ಕೊಡ್ತೇನೆ. ಬೇರೆ ಕೆಲ್ಸ ಸಿಕ್ತದೆ."

"ನಂಗೆ ವೈಯಕ್ತಿಕ ಕಾರಣ ಎಂತದೂ ಇಲ್ಲ. ನಾನು ಬಿಡುದಿಲ್ಲ. ನೀವೇ ನನ್ನನ್ನು ಕೆಲಸದಿಂದ ತೆಗೀರಿ. ಯಾಕೆ ತೆಗೆದದ್ದು ಅಂತ ಬರಿ."

"ಎಂತ ಅಂತ ಬರೀಲಿ?"

"ನಿಂಗೆ ಗೊತ್ತುಂಟು." ಅವಳು ಎದುರಿನ ಕುರ್ಚಿ ಎಳೆದು ಕೂತಳು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

ಶಾನ್ ಟೈಪ್ ಮಾಡಿದ, ಅಳಿಸಿದ. ಯಾರಿಗೋ ಫೋನ್ ಮಾಡಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ, ಮತ್ತೆ ಟೈಪ್ ಮಾಡಿದ. ಹೊರಗೆ ಊಟದ ಹೊತ್ತು. ಡಬ್ಬಿ ಹಿಡಿದುಕೊಂಡವರು ಗಾಜಿನೊಳಗೆ ಇಣುಕಿ ಹೋದರು. ಮುಕ್ಕಾಲು ಗಂಟೆ ಹಿಡಿಯಿತು. ಪ್ರಿಂಟರಿನಿಂದ ಬಂದ ಹಾಳೆಯಲ್ಲಿ ಒಂದೇ ಸಾಲು ಕಾರಣವಿತ್ತು. ಕಂಪನಿಯ ಅನುಮತಿಯಿಲ್ಲದೆ, ಗ್ರಾಹಕರ ಪರವಾಗಿ, ವಿದೇಶದ ತನಿಖೆಗೆ ಹೇಳಿಕೆ ನೀಡಿದ ಕಾರಣ. ಅವಳು ಕನ್ನಡ ಮಾಡಿಕೊಂಡು ಓದಿದಳು. "ಗ್ರಾಹಕರ ಪರವಾಗಿ ಅಂತ ತೆಗಿ. ನಾನು ಯಾರ ಪರವಾಗಿಯೂ ಹೇಳ್ಲಿಲ್ಲ. ನಾನು ಮಾಡಿದ್ದನ್ನು ಹೇಳಿದ್ದು."

ಅವನು ತೆಗೆದ. ಮತ್ತೆ ಪ್ರಿಂಟ್ ಬಂತು. "ಸೀಲ್ ಹಾಕು" ಎಂದಳು.

"ಇದನ್ನ ಇಟ್ಕೊಂಡು ಎಂತ ಮಾಡ್ತೀರಿ ಆಂಟಿ? ಯಾರಿಗೂ ತೋರಿಸ್ಲಿಕ್ಕೆ ಆಗುದಿಲ್ಲ ಇದನ್ನ."

"ನಾಳೆ ಕೆಲಸ ಕೇಳ್ಲಿಕ್ಕೆ ಹೋಗುವಾಗ ಮೊದಲು ಇದನ್ನೇ ಕೊಡ್ತೇನೆ" ಎಂದಳು ಗರ್ಟ್ರೂಡ್. "ಸರಿಯಾಗಿ ಒತ್ತು. ಅಕ್ಷರ ಕಾಣ್ಬೇಕು."